ಇವ್ರಿತ್ ಎನ್ನೋಣವೇ, ಹೀಬ್ರೂ ಎನ್ನೋಣವೇ?

ಪ್ರಶ್ನೆ: ಪುಣೆ ಕ್ಯಾಂಪಿನ ಲಾಲ್ ದೇವಳದಲ್ಲಿ ಯೆಹೂದ್ಯರು ಹೀಬ್ರೂವಿನಲ್ಲಿ ಪ್ರಾರ್ಥಿಸುತ್ತಾರೆ. ಇಸ್ರೇಲಿನಿಂದ ಬಂದಿದ್ದ ನನ್ನ ಗೆಳತಿ ತನ್ನ ಭಾಷೆ ‘ಇವ್ರಿತ್’ ಅಂದಳು. ಎರಡೂ ಒಂದೆಯೇ? ಕನ್ನಡದಲ್ಲಿ ಏನೆಂದು ಬರೆಯಬೇಕು?
– ಓದುಗರು, ಕೋಥರೂಡ, ಪುಣೆ

ಉತ್ತರ: ‘ಇವ್ರಿತ್’ ಆ ಜನ ತಮ್ಮ ನುಡಿಯನ್ನು ಕರೆದುಕೊಳ್ಳುವ ಹೆಸರು. ‘ಹೀಬ್ರೂ’ ನಮಗೆ ಇಂಗ್ಲಿಷಿನಿಂದ ಬಂದದ್ದು. ಕನ್ನಡ ಬೈಬಲ್ ಓದಿದವರಿಗೆ ಮೂರನೆಯ ರೂಪವೂ ಗೊತ್ತು, ‘ಇಬ್ರಿಯ’. ಇವ್ರಿತ್‌ಗೆ ಅದೇ ಹೆಚ್ಚು ಹತ್ತಿರ.

ದೇವಳದ ನುಡಿಯೂ ಗೆಳತಿಯ ಮಾತೂ ಒಂದೆಯೇ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಲಾಲ್ ದೇವಳ 1867ರದು. 1874ರಲ್ಲಿ ಪುಣೆಯಲ್ಲೇ ಒಂದು ಹಗ್ಗಾದಾ, ಅಂದರೆ ಪಸ್ಕ ಹಬ್ಬದ ರಾತ್ರಿ ಓದುವ ಪುಸ್ತಕ, ಹೀಬ್ರೂ ಪಠ್ಯಕ್ಕೆ ಮರಾಠಿ ಅನುವಾದ ಸೇರಿಸಿ ಅಚ್ಚಾಯಿತು. ಇಲ್ಲಿನ ಬೆನೆ ಇಸ್ರೇಲಿ ಯೆಹೂದ್ಯರ ಮನೆಮಾತು ಮರಾಠಿಯಲ್ಲವೇ! ಆಗ ಹೀಬ್ರೂ ಯಾವ ಮಗುವಿಗೂ ತಾಯ್ನುಡಿಯಾಗಿರಲಿಲ್ಲ. ಅದನ್ನು ಮತ್ತೆ ಆಡುಮಾತಾಗಿಸಲು ಹೊರಟ ಎಲಿಯೇಜರ್ ಬೆನ್ ಯೆಹೂದಾ 1881ರಲ್ಲಿ ಜೆರುಸಲೇಮಿಗೆ ಹೋಗಿ ನೆಲೆಸಿದರು. ಮರುವರ್ಷ ಹುಟ್ಟಿದ ಮಗನ ಕಿವಿಗೆ ಬೇರೆ ನುಡಿ ಬೀಳದಂತೆ ಹಟ ಹಿಡಿದು ಬೆಳೆಸಿದರು.

ಹೊಸಗನ್ನಡ ಇದ್ದಂತೆ ಹೊಸ ಹೀಬ್ರೂ ಎಂದುಬಿಡಲು ನಾನು ಹಿಂಜರಿಯುವುದು ಇಲ್ಲಿ. ಹಳಗನ್ನಡ, ನಡುಗನ್ನಡ ದಾಟಿ ನಮ್ಮ ನುಡಿ ಒಂದು ದಿನವೂ ಬಾಯಿ ತಪ್ಪದೆ ಬಂದಿದೆ. ಹೀಬ್ರೂ ಸುಮಾರು 1,700 ವರ್ಷ ಗ್ರಂಥ, ಪ್ರಾರ್ಥನೆ, ಕಾಗದಪತ್ರಗಳಲ್ಲಿ ಉಳಿದಿತ್ತು. ಮಕ್ಕಳ ಜಗಳದಲ್ಲಿ, ಅಡುಗೆಮನೆಯಲ್ಲಿ ಇರಲಿಲ್ಲ. ಮತ್ತೆ ಆಡತೊಡಗಿದವರ ನಾಲಗೆಯ ಮೇಲೆ ಯಿಡ್ಡಿಶ್, ರಷ್ಯನ್ ಇದ್ದವು. ಉಚ್ಚಾರ, ವಾಕ್ಯದ ಜಾಡು ಎರಡೂ ಬದಲಾದವು. ಆದ್ದರಿಂದ ಇದು ಮಿಶ್ರಭಾಷೆ, ಹೆಸರೂ ‘ಇಸ್ರೇಲಿ’ ಎಂದೇ ಇರಲಿ ಎಂಬುದು ಭಾಷಾವಿಜ್ಞಾನಿ ಗಿಲಾದ್ ಜುಕರ್‌ಮನ್ ಅವರ ವಾದ.

ವಾದದಲ್ಲಿ ಹುರುಳಿದೆ, ಆದರೆ ಹೆಸರು ನನಗೆ ಒಪ್ಪಿಗೆಯಿಲ್ಲ. ‘ಹಶ್ಮಲ್’ ಎಂಬ ಒಂದೇ ಪದ ನೋಡಿ. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ಬೆಂಕಿಯ ನಡುವೆ ಹೊಳೆಯುವ ವಸ್ತು ಅದು. ಹಳೆಯ ಗ್ರೀಕ್ ಅನುವಾದದಲ್ಲಿ ಅದಕ್ಕೆ ‘ಎಲೆಕ್ಟ್ರಾನ್’ ಎಂದಿತ್ತು. ಆ ಎಳೆ ಹಿಡಿದು 19ನೆಯ ಶತಮಾನದಲ್ಲಿ ಕವಿ ಯೆಹೂದಾ ಲೇಬ್ ಗಾರ್ಡನ್ ಹಶ್ಮಲ್ ಪದವನ್ನು ವಿದ್ಯುತ್ತಿಗೆ ತಂದರು. ವೇದಕಾಲದಲ್ಲಿ ಮಿಂಚಾಗಿದ್ದ ನಮ್ಮ ‘ವಿದ್ಯುತ್’ ತಂತಿಯಲ್ಲಿ ಹರಿದದ್ದೂ ಹೀಗೆಯೇ. ನಾವು ಮನೆಯಲ್ಲಿ ‘ಕರೆಂಟ್ ಹೋಯ್ತು’ ಅನ್ನುತ್ತೇವೆ. ಅಲ್ಲಿ ಮಕ್ಕಳೂ ‘ಹಶ್ಮಲ್’ ಎಂದೇ ಅನ್ನುತ್ತಾರೆ. ಪ್ರವಾದಿಯ ಪದ ಮನೆಮನೆಯ ಮಾತಾಗಿರುವಾಗ ಹಳೆಯ ಹೆಸರನ್ನು ಕಿತ್ತುಕೊಳ್ಳುವುದು ಸರಿಯಲ್ಲ.

ಕನ್ನಡದಲ್ಲಿ ‘ಹೀಬ್ರೂ’ ಎಂದೇ ಬರೆಯಿರಿ. ವ್ಯತ್ಯಾಸ ತೋರಿಸಬೇಕಾದಲ್ಲಿ ‘ಆಧುನಿಕ ಹೀಬ್ರೂ’, ‘ಬೈಬಲಿನ ಹೀಬ್ರೂ’ ಎನ್ನಿ. ಗೆಳತಿಯ ಮುಂದೆ ಮಾತ್ರ ಅವಳ ಬಾಯಲ್ಲಿರುವ ಹೆಸರನ್ನೇ ಹೇಳಿ, ಇವ್ರಿತ್.