ಎರಡನೆಯ ರಾತ್ರಿಯ ಲೆಕ್ಕ: ಹಂಪಿಯ ಪ್ರವಾಸಿಯೂ ಹೊಸಪೇಟೆಯ ಸಾಧಾರಣ ವಸತಿಗೃಹವೂ

ಕಂಪ್ಲಿಯ ಅಕ್ಕಿ ವರ್ತಕರು ಇಂದು ಮಾರಾಟವಾಗದ ಮೂಟೆಯನ್ನು ನಾಳೆ ಮಾರಬಲ್ಲರು. ದರ ಇಳಿದಿದ್ದರೆ ಒಂದು ತಿಂಗಳು ಗೋದಾಮಿನಲ್ಲಿಟ್ಟು ಕಾಯಬಲ್ಲರು. ಹೊಸಪೇಟೆಯ ವಸತಿಗೃಹದ ಮಾಲೀಕರಿಗೆ ಆ ಅನುಕೂಲವಿಲ್ಲ. ನಿನ್ನೆ ರಾತ್ರಿ ಖಾಲಿ ಉಳಿದ ಕೊಠಡಿಯನ್ನು ಇಂದು ಬೆಳಿಗ್ಗೆ ಯಾವ ದರಕ್ಕೂ ಮಾರಲಾಗದು. ಬೆಳಕು ಹರಿಯುವಷ್ಟರಲ್ಲಿ ಕೆಟ್ಟುಹೋಗುವ ಈ ಸರಕು ವ್ಯಾಪಾರದ ದೃಷ್ಟಿಯಿಂದ ಅಕ್ಕಿಗಿಂತ ಹೂವಿಗೆ ಹತ್ತಿರವಾದುದು. ಆದರೂ ನಮ್ಮ ಪಟ್ಟಣಗಳಲ್ಲಿ ಲಾಡ್ಜ್ ನಡೆಸುವುದನ್ನು ಕಟ್ಟಡ ಬಾಡಿಗೆಗೆ ಕೊಟ್ಟಂತೆಯೇ ಭಾವಿಸುವ ರೂಢಿ ಬಲವಾಗಿದೆ. ಬಂದವರಿಗೆ ಬೀಗದಕೈ ಕೊಡುವುದು, ಬಾರದಿದ್ದರೆ ಸೀಸನ್ ಸರಿಯಿಲ್ಲವೆನ್ನುವುದು. ಹಂಪಿ ನೋಡಲು ಬರುವ ಸಾಮಾನ್ಯ ಪ್ರವಾಸಿಯು ತನ್ನ ವಾಸ್ತವ್ಯವನ್ನು ಹೇಗೆ ಯೋಜಿಸುತ್ತಾನೆ, ಆ ಯೋಜನೆಯಲ್ಲಿ ಹತ್ತರಿಂದ ಮೂವತ್ತು ಕೊಠಡಿಗಳ ಸಾಧಾರಣ ವಸತಿಗೃಹಕ್ಕೆ ಲಾಭ ಎಲ್ಲಿದೆ ಎಂಬುದೇ ಪ್ರಸ್ತುತ ಪಾಠದ ವಿಷಯ.

ಹಂಪಿಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದು 1986ರಲ್ಲಿ. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಸ್ಮಾರಕಗಳ ನಡುವೆಯೇ ತಂಗುವ ಅವಕಾಶ ಆ ಬಳಿಕ ಕ್ರಮೇಣ ಕಿರಿದಾಯಿತು. 2011ರ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಅಂಗಡಿ-ಮನೆಗಳು ತೆರವಾದವು. 2020ರ ಮಾರ್ಚ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯದ ಆದೇಶದ ನಂತರ, ನದಿಯಾಚೆಯ ವಿರೂಪಾಪುರ ಗಡ್ಡೆಯ ಅತಿಥಿಗೃಹಗಳು ನೆಲಸಮವಾದವು. ಪ್ರವಾಸಿಗಳ ಭಾರವು ಹೀಗೆ ಕಮಲಾಪುರ, ಆನೆಗೊಂದಿ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಸುಮಾರು 13 ಕಿ.ಮೀ. ದೂರದ ಹೊಸಪೇಟೆಯ ಮೇಲೆ ಬಿದ್ದಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿ ಕೆಲಸಕ್ಕೆ ಬರುವವರೂ ಅದಕ್ಕೆ ಸೇರಿಕೊಂಡರು.

ಆದುದರಿಂದ ಹೊಸಪೇಟೆಯ ಲಾಡ್ಜಿಗೆ ಎರಡು ಬಗೆಯ ಅತಿಥಿಗಳಿದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿಗಳು, ಕಂಪ್ಲಿ-ಗಂಗಾವತಿಯ ಅಕ್ಕಿ ಗಿರಣಿಗಳು ಇವುಗಳ ಕೆಲಸಕ್ಕೆ ಬರುವ ಎಂಜಿನಿಯರುಗಳು, ಬಿಡಿಭಾಗಗಳ ಸರಬರಾಜುದಾರರು, ಕಂಪನಿ ಪ್ರತಿನಿಧಿಗಳು. ಶನಿವಾರ, ಭಾನುವಾರ ಹಾಗೂ ರಜಾದಿನಗಳಲ್ಲಿ ಹಂಪಿಯ ಪ್ರವಾಸಿಗಳು. ಒಂದೇ ಬಗೆಯ ಅತಿಥಿಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಈ ಊರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಅದಿರಿನ ಲಾರಿಗಳೊಂದಿಗೆ ಅದಿರಿನ ವ್ಯವಹಾರಸ್ಥರೂ ನಿಂತುಹೋದರು. ಪ್ರವಾಸಿಯನ್ನು ಕಡೆಗಣಿಸಿ ಗಣಿಯ ಗಿರಾಕಿಗೆಂದೇ ದರ ಏರಿಸಿಕೊಂಡಿದ್ದ ವಸತಿಗೃಹಕ್ಕೆ ಹಿಂತಿರುಗಿ ಬರುವ ದಾರಿ ಸುಲಭವಾಗಿರಲಿಲ್ಲ.

ಈ ಎರಡು ಬಗೆಯ ಅತಿಥಿಗಳು ಒಬ್ಬರಿಗೊಬ್ಬರು ಅಡ್ಡಿಯಾಗುವುದಿಲ್ಲ, ಪೂರಕವಾಗುತ್ತಾರೆ ಎಂಬುದನ್ನು ತಿಳಿಯಲು ರೈಲಿನ ವೇಳೆಯನ್ನು ನೋಡಬೇಕು. ಬೆಂಗಳೂರಿನ ಕುಟುಂಬವೊಂದು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯುತ್ತದೆ. ಭಾನುವಾರ ರಾತ್ರಿಯ ಅದೇ ರೈಲಿಗೆ ಹಿಂದಿರುಗುತ್ತದೆ. ಈ ಕುಟುಂಬಕ್ಕೆ ಶನಿವಾರ ಬೆಳಿಗ್ಗೆ 7ಕ್ಕೆ ಸ್ನಾನಕ್ಕೊಂದು ಕೊಠಡಿ ಬೇಕು, ಭಾನುವಾರ ರಾತ್ರಿ 8ರವರೆಗೆ ಬ್ಯಾಗುಗಳನ್ನಿಟ್ಟು ದಣಿವಾರಿಸಿಕೊಳ್ಳಲು ಸ್ಥಳ ಬೇಕು. ಒಟ್ಟು 37 ಗಂಟೆ. ಮಧ್ಯಾಹ್ನ 12ಕ್ಕೆ ಲೆಕ್ಕ ಮುಗಿಸುವ ಪದ್ಧತಿಯಿದ್ದರೆ, ಮೊದಲ ದಿನ ಐದು ಗಂಟೆ ಮಕ್ಕಳೊಂದಿಗೆ ಹೊರಗೆ ಕಾಯಬೇಕು ಇಲ್ಲವೇ ತಂಗದ ಶುಕ್ರವಾರ ರಾತ್ರಿಗೂ ಹಣ ತೆರಬೇಕು. ಎರಡನೆಯ ದಿನ ಎಂಟು ಗಂಟೆ ಕೊಠಡಿಯಿಲ್ಲದೆ ಕಳೆಯಬೇಕು. 24 ಗಂಟೆಯ ಪದ್ಧತಿಯಿದ್ದರೆ ಒಂದು ರಾತ್ರಿ ಮಲಗಿ ಎರಡು ದಿನದ ಬಾಡಿಗೆ ಕೊಡಬೇಕು. ಎರಡೂ ಅತಿಥಿಗೆ ಅನ್ಯಾಯವೆಂದು ತೋರುತ್ತವೆ. ಬಹುಮಂದಿ ಈ ತೊಡಕನ್ನು ಮನೆಯಲ್ಲೇ ಲೆಕ್ಕಹಾಕಿ, ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಓಡಾಡಿ ಹಿಂದಿರುಗುವ ನಿರ್ಧಾರಕ್ಕೆ ಬರುತ್ತಾರೆ. ಅಲ್ಲಿಗೆ ಲಾಡ್ಜಿನ ವ್ಯಾಪಾರವು ಮಾಲೀಕರ ಅರಿವಿಗೆ ಬಾರದೆಯೇ ಕೈತಪ್ಪುತ್ತದೆ.

ಈಗ ಮಾಲೀಕರ ಕಡೆಯಿಂದ ನೋಡಬಹುದು. ವಾರದ ಕೆಲಸಕ್ಕೆ ಬಂದ ಅತಿಥಿಯು ಸಾಮಾನ್ಯವಾಗಿ ಶುಕ್ರವಾರ ಸಂಜೆ ಕೊಠಡಿ ಬಿಟ್ಟು ಊರಿಗೆ ಹೊರಡುತ್ತಾನೆ. ಮತ್ತೆ ಬರುವುದು ಸೋಮವಾರ ಬೆಳಿಗ್ಗೆ. ಹಾಗಾದರೆ ಶನಿವಾರ ಮುಂಜಾನೆ ಹಲವು ಕೊಠಡಿಗಳು ಖಾಲಿಯಾಗಿಯೇ ಇರುತ್ತವೆ, ಭಾನುವಾರ ಸಂಜೆಯಿಂದ ಸೋಮವಾರದವರೆಗೂ ಖಾಲಿ. ಆ ಐದು ಗಂಟೆ ಮೊದಲೇ ಕೊಠಡಿ ತೆರೆದುಕೊಟ್ಟರೆ, ಈ ಎಂಟು ಗಂಟೆ ತಡವಾಗಿ ಬಿಡಿಸಿಕೊಂಡರೆ ಮಾಲೀಕರಿಗೆ ನಷ್ಟವಾಗುವುದು ಒಂದಿಷ್ಟು ವಿದ್ಯುತ್ತು ಮತ್ತು ನೀರು ಮಾತ್ರ. ಶುಕ್ರವಾರವೇ ಕೊಠಡಿಗಳನ್ನು ಗುಡಿಸಿ ಹಾಸಿಗೆ ಬದಲಿಸಿಟ್ಟಿರಬೇಕು ಎಂಬುದೊಂದೇ ಷರತ್ತು. ‘ಶನಿವಾರ ಮುಂಜಾನೆಯಿಂದ ಭಾನುವಾರ ರಾತ್ರಿಯವರೆಗೆ ಒಂದೂವರೆ ದಿನದ ಬಾಡಿಗೆ’ ಎಂದು ಮೊದಲೇ ತಿಳಿಸಿ ಮಾರುವ ವಸತಿಗೃಹವು, ಅತಿಥಿಗೆ ಅರ್ಧ ದಿನದ ಹಣ ಉಳಿಸಿ, ತನಗೆ ಅರ್ಧ ದಿನದ ಹಣವನ್ನು ಹೆಚ್ಚಾಗಿ ಗಳಿಸುತ್ತದೆ. ಇದಕ್ಕೆ ಬ್ಯಾಂಕ್ ಸಾಲವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ದೀಪಾವಳಿ, ಕ್ರಿಸ್‌ಮಸ್ ರಜೆಗಳಲ್ಲಿ ಶುಕ್ರವಾರವೂ ತುಂಬಿರುವುದರಿಂದ ಈ ಸೌಲಭ್ಯವಿಲ್ಲವೆಂದು ಸ್ಪಷ್ಟಪಡಿಸಬೇಕಾಗುತ್ತದೆ.

ಲಾಭದ ಮೂಲವನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಅಂಕಿಗಳು ಕೇವಲ ಕಲ್ಪಿತ, ಪ್ರತಿಯೊಬ್ಬರೂ ತಮ್ಮ ಪುಸ್ತಕದ ಅಂಕಿಗಳನ್ನು ಹಾಕಿಕೊಳ್ಳಬೇಕು. ಇಪ್ಪತ್ತು ಕೊಠಡಿಗಳು, ತೆರಿಗೆ ಹೊರತುಪಡಿಸಿ ದಿನಕ್ಕೆ 1,200 ರೂ. ಬಾಡಿಗೆ. ಸಂಬಳ, ಬಡ್ಡಿ, ನಗರಸಭೆ ತೆರಿಗೆ ಮೊದಲಾದ ಸ್ಥಿರ ವೆಚ್ಚ ತಿಂಗಳಿಗೆ 2,40,000 ರೂ. ಒಂದು ಕೊಠಡಿ ಒಂದು ರಾತ್ರಿ ತುಂಬಿದರೆ ಬಟ್ಟೆ ಒಗೆತ, ಸಾಬೂನು, ನೀರು, ವಿದ್ಯುತ್ತಿಗೆ 200 ರೂ. ಉಳಿಯುವುದು 1,000 ರೂ. ತಿಂಗಳ 600 ಕೊಠಡಿ-ರಾತ್ರಿಗಳಲ್ಲಿ 240, ಅಂದರೆ ಶೇ. 40ರಷ್ಟು ತುಂಬಿದರೆ ನಷ್ಟವಿಲ್ಲ. ಇದೇ ಕೊಠಡಿಗಳನ್ನೆಲ್ಲ ಆನ್‌ಲೈನ್ ಕಂಪನಿಗಳ ಮೂಲಕವೇ ಮಾರಿ ಶೇ. 20 ಕಮಿಷನ್ ಕೊಟ್ಟರೆ ಉಳಿಯುವುದು 760 ರೂ.; ನಷ್ಟವಿಲ್ಲದಿರಲು ಸುಮಾರು 316 ಕೊಠಡಿ-ರಾತ್ರಿಗಳು, ಶೇ. 53ರಷ್ಟು ತುಂಬಬೇಕು.

ಈಗ ಎರಡನೆಯ ರಾತ್ರಿ. ಬಂದಿರುವ ಅತಿಥಿಯೇ ಇನ್ನೊಂದು ರಾತ್ರಿ ಉಳಿಯುತ್ತೇನೆಂದು ಕೌಂಟರಿನಲ್ಲಿ ಹೇಳಿದರೆ ಅದಕ್ಕೆ ಕಮಿಷನ್ ಇಲ್ಲ, ಹಾಸಿಗೆಯನ್ನು ಪೂರ್ಣ ಬದಲಿಸಬೇಕಾಗಿಯೂ ಇಲ್ಲ. ವೆಚ್ಚ 100 ರೂ. ಎಂದಿಟ್ಟುಕೊಂಡು, ಬಾಡಿಗೆಯಲ್ಲಿ ಶೇ. 15 ರಿಯಾಯಿತಿ ಕೊಟ್ಟು 1,020 ರೂ. ಪಡೆದರೂ ಉಳಿಯುವುದು 920 ರೂ. ಕಮಿಷನ್ ಕೊಟ್ಟು ತಂದ ಹೊಸ ಅತಿಥಿಯಿಂದ ಉಳಿದ 760 ರೂ.ಗಿಂತ ಇದು 160 ರೂ. ಹೆಚ್ಚು. ಆನ್‌ಲೈನ್ ಕಂಪನಿಗಳು ಹೊಸ ಅತಿಥಿಯನ್ನು ಬಾಗಿಲವರೆಗೆ ತರುತ್ತವೆ. ಆ ಕೆಲಸಕ್ಕೆ ಕೂಲಿ ಕೊಡುವುದು ನ್ಯಾಯವೇ. ಒಳಗೆ ಬಂದವನನ್ನು ಉಳಿಸಿಕೊಳ್ಳುವುದು ಮಾತ್ರ ಮಾಲೀಕರ ಕೆಲಸ.

ಎರಡನೆಯ ರಾತ್ರಿ ಉಳಿಯಲು ಅತಿಥಿಗೆ ಎರಡನೆಯ ದಿನದ ಕಾರಣ ಬೇಕು. ವಿರೂಪಾಕ್ಷ, ವಿಠಲ ದೇವಾಲಯ, ಕಮಲ ಮಹಲ್ ಇಷ್ಟನ್ನೇ ಓಡೋಡಿ ನೋಡಿದರೆ ಹಂಪಿ ಒಂದು ದಿನದಲ್ಲಿ ಮುಗಿಯಿತೆಂದು ತೋರುತ್ತದೆ. ವಿಠಲ ದೇವಾಲಯಕ್ಕೂ ಕಮಲ ಮಹಲ್ ಇರುವ ಜನಾನ ಆವರಣಕ್ಕೂ ಅದೇ ದಿನಕ್ಕೆ ಒಂದೇ ಟಿಕೆಟ್ ಸಾಕಾಗುವುದರಿಂದ ಇವೆರಡನ್ನು ಒಂದೇ ದಿನ ಇಟ್ಟುಕೊಳ್ಳುವುದು ಜಾಣತನ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಬಂಡೆಗಳ ನಡುವೆ ನಡುಹಗಲು ತಿರುಗಾಡುವುದು ವೃದ್ಧರಿಗೆ ಅಪಾಯವೇ ಸರಿ. ಬೆಳಗಿನ ಹೊತ್ತು ನೋಡಿ, ಮಧ್ಯಾಹ್ನ ಕೊಠಡಿಗೆ ಮರಳಿ, ಸಂಜೆ ಮತ್ತೆ ಹೋಗುವಂತೆ ಯೋಜಿಸಿದರೆ ಒಂದು ದಿನದ ನೋಟವು ತಾನಾಗಿಯೇ ಎರಡು ದಿನಕ್ಕೆ ಹರಡಿಕೊಳ್ಳುತ್ತದೆ. ಅದನ್ನು ಅತಿಥಿಗೆ ಹೇಳುವವರಿರಬೇಕು, ಅಷ್ಟೆ.

ಎರಡನೆಯ ದಿನಕ್ಕೆ ದಾರಿಗಳು ಹಲವಿವೆ. ಸುಮಾರು 30 ಕಿ.ಮೀ. ದೂರದ ಸಂಡೂರಿನ ಕಡೆಗೆ ಹೋದರೆ ಕುಮಾರಸ್ವಾಮಿ ದೇವಾಲಯ, ನಾರಿಹಳ್ಳ ಜಲಾಶಯ ಮತ್ತು ಮಳೆಗಾಲದಲ್ಲಿ ಹಸಿರಾಗುವ ಬೆಟ್ಟಸಾಲು. ಭೌಗೋಳಿಕ ಗುರುತು ಪಡೆದಿರುವ ಸಂಡೂರು ಲಂಬಾಣಿ ಕಸೂತಿಯೂ ಅಲ್ಲಿನದೇ. ಅದರ ನಾಲ್ಕು ಚೀಲಗಳನ್ನು ಲಾಡ್ಜಿನ ಕೌಂಟರಿನಲ್ಲಿ ತೂಗುಹಾಕಿದರೆ ಅತಿಥಿಯೇ ಅದರ ಊರನ್ನು ವಿಚಾರಿಸುತ್ತಾನೆ. ಬುಕ್ಕಸಾಗರ-ಕಡೆಬಾಗಿಲು ಸೇತುವೆಯ ಮೂಲಕ ಆನೆಗೊಂದಿ, ಅಂಜನಾದ್ರಿಯತ್ತ ಹೋಗಿ, ಗಂಗಾವತಿ-ಕಂಪ್ಲಿಯ ಗದ್ದೆಗಳ ನಡುವೆ ಹಿಂದಿರುಗುವುದು ಇನ್ನೊಂದು ದಾರಿ. ವಿಜಯನಗರಕ್ಕೂ ಹಿಂದಿನ ಕಂಪಿಲಿ ರಾಜ್ಯದ ನೆನಪು ಉಳಿದಿರುವ ಊರು ಕಂಪ್ಲಿ. ಕುಮಾರರಾಮನ ಹೆಸರು ತಿಳಿದ ಪ್ರವಾಸಿಗೆ ಅಷ್ಟು ಸಾಕು. ಆದರೆ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದುಂಟು, ದೋಣಿ-ತೆಪ್ಪಗಳೂ ನಿಲ್ಲುತ್ತವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಆದಂತೆ, ನದಿಯ ಸ್ಥಿತಿ ಒಂದೇ ರಾತ್ರಿಯಲ್ಲಿ ಬದಲಾಗಬಲ್ಲುದು. ಮಳೆಗಾಲದಲ್ಲಿ ಅಂದಂದಿನ ಹೊರಹರಿವನ್ನು ವಿಚಾರಿಸಿ ಅತಿಥಿಗೆ ತಿಳಿಸುವ ಮ್ಯಾನೇಜರು ಜಾಹೀರಾತಿಗಿಂತ ಹೆಚ್ಚು ಬೆಲೆಬಾಳುತ್ತಾನೆ.

ಹೊರದೇಶದ ಒಂದು ನಿದರ್ಶನವನ್ನು ಇಲ್ಲಿ ಗಮನಿಸಬಹುದು. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರಾಡಳಿತವು 2025ರ ಜನವರಿಯಲ್ಲಿ ಅಂಗೀಕರಿಸಿದ ಪ್ರವಾಸಿ ಶುಲ್ಕವು, 2026ರ ಜುಲೈ 24ರಿಂದಾಚೆಗಿನ ವಾಸ್ತವ್ಯಕ್ಕೆ ಕೊಠಡಿ ಬಾಡಿಗೆಯ ಶೇ. 5ರಷ್ಟು, ಆದರೆ ಸತತ ಮೊದಲ ಐದು ರಾತ್ರಿಗಳಿಗೆ ಮಾತ್ರ. ಹೆಚ್ಚು ದಿನ ಉಳಿಯುವವನಿಗೆ ಆರನೆಯ ರಾತ್ರಿಯಿಂದ ಶುಲ್ಕವಿಲ್ಲ. ತೆರಿಗೆ ವಿಧಿಸುವಾಗಲೂ ಉಳಿಯುವ ಅತಿಥಿಯನ್ನು ನೋಯಿಸದ ಎಚ್ಚರ ಅದರಲ್ಲಿದೆ.

ದರದ ವಿಷಯದಲ್ಲಿ ಅತಿ ಹೆಚ್ಚು ಮನಸ್ತಾಪ ಬರುವುದು ಹಂಪಿ ಉತ್ಸವದ ದಿನಗಳಲ್ಲಿ. ಹಿಂದೆ ನವೆಂಬರಿನಲ್ಲಿ ನಡೆಯುತ್ತಿದ್ದ ಉತ್ಸವವು 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರವರಿ ಆರಂಭಕ್ಕೆ, 2025ರಲ್ಲಿ ಫೆಬ್ರವರಿ 28ರಿಂದ ಮಾರ್ಚ್ 2ರವರೆಗೆ ನಡೆಯಿತು. ದಿನಾಂಕ ಘೋಷಣೆಯಾದೊಡನೆ, ಮೊದಲೇ ಕಾದಿರಿಸಿದವರ ಕೊಠಡಿಯನ್ನು ಯಾವುದೋ ನೆಪದಿಂದ ರದ್ದುಮಾಡಿ ಇಮ್ಮಡಿ ದರಕ್ಕೆ ಮಾರುವ ಆಸೆ ಹುಟ್ಟುವುದು ಸಹಜ. ಆ ಮೂರು ರಾತ್ರಿಗಳ ಹೆಚ್ಚುವರಿ ಗಳಿಕೆಯು, ಆ ಅತಿಥಿ ಬರೆಯುವ ನಾಲ್ಕು ಸಾಲಿನ ದೂರನ್ನು ವರ್ಷವಿಡೀ ಓದುವವರಿಂದ ಆಗುವ ನಷ್ಟವನ್ನು ತುಂಬಲಾರದು. ಉತ್ಸವದ ದಿನಗಳಿಗೆ ಪ್ರತ್ಯೇಕ ದರವಿದ್ದರೆ ಅದನ್ನು ಮುಂಗಡ ಪಡೆಯುವ ಮೊದಲೇ ಬರೆದುಕೊಡುವುದು, ರದ್ದತಿಯ ನಿಯಮವನ್ನೂ ಅದೇ ಚೀಟಿಯಲ್ಲಿ ಕಾಣಿಸುವುದು ಉಚಿತ.

ಬಿಲ್ಲಿನ ಬಗ್ಗೆ ವರ್ತಕರು ವಿಶೇಷವಾಗಿ ತಿಳಿದಿರಬೇಕಾದ ಅಂಶಗಳಿವೆ. 1,000 ರೂ.ವರೆಗಿನ ಕೊಠಡಿಗಳಿಗಿದ್ದ ವಿನಾಯಿತಿ 2022ರ ಜುಲೈ 18ರಿಂದ ರದ್ದಾಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ ಜಿ.ಎಸ್.ಟಿ. ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಆದರೆ ವಸತಿಗೃಹದ ಮಾಲೀಕರು ತಾವು ಕೊಳ್ಳುವ ಸರಕು-ಸೇವೆಗಳ ಮೇಲಿನ ತೆರಿಗೆ ಜಮೆಯನ್ನು ಪಡೆಯುವಂತಿಲ್ಲ. ಆದುದರಿಂದ ಹಾಸಿಗೆ, ಬಣ್ಣ, ಹವಾನಿಯಂತ್ರಣ ಯಂತ್ರ ಕೊಳ್ಳುವಾಗ ತೆತ್ತ ತೆರಿಗೆಯನ್ನು ಪೂರ್ಣವಾಗಿ ವೆಚ್ಚವೆಂದೇ ಪರಿಗಣಿಸಿ ಬಾಡಿಗೆ ನಿಗದಿಪಡಿಸಬೇಕು. ತಂಗುವ ವರ್ತಕನ ಲೆಕ್ಕ ಬೇರೆ. ವಸತಿ ಸೇವೆಯ ಸ್ಥಳವೆಂದರೆ ಕಟ್ಟಡವಿರುವ ಸ್ಥಳ. ವ್ಯಾಪಾರದ ನಿಮಿತ್ತ ಹೊಸಪೇಟೆಯಲ್ಲಿ ತಂಗಿದ ಹುಬ್ಬಳ್ಳಿಯ ನೋಂದಾಯಿತ ವರ್ತಕನು ತನ್ನ ಜಿ.ಎಸ್.ಟಿ. ಸಂಖ್ಯೆಯಿರುವ ಬಿಲ್ಲು ಪಡೆದರೆ ಆ ತೆರಿಗೆಯ ಜಮೆಯನ್ನು ಕೇಳಬಹುದು. ಮಹಾರಾಷ್ಟ್ರದಲ್ಲಿ ಮಾತ್ರ ನೋಂದಾಯಿಸಿಕೊಂಡ ಪುಣೆಯ ವರ್ತಕನಿಗೆ ಕರ್ನಾಟಕದ ತೆರಿಗೆಯ ಜಮೆ ದೊರೆಯದು. ಕೈಬರಹದ ಬಿಳಿ ಚೀಟಿ ಕೊಟ್ಟು ಕಳುಹಿಸುವ ಲಾಡ್ಜಿಗೆ ಕಂಪನಿಯ ಅತಿಥಿ ಎರಡನೆಯ ಸಲ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವುದು ಕಡ್ಡಾಯ. ಈ ಕೆಲಸದ ಬೇಸರಕ್ಕೆ ವಿದೇಶಿಯರನ್ನೇ ಬೇಡವೆನ್ನುವುದು ಹಂಪಿಯ ನೆರೆಯಲ್ಲಿದ್ದು ಮಾಡತಕ್ಕ ವ್ಯಾಪಾರವಲ್ಲ.

ಕೊನೆಗೆ, ದೂರವಾಣಿಯಲ್ಲಿ ಅತಿಥಿ ಕೇಳುವ ಪ್ರಶ್ನೆಗಳು. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಅಜ್ಜಿಗೆ ಮೆಟ್ಟಿಲು ಹತ್ತದಂತೆ ಕೆಳಗಿನ ಕೊಠಡಿ ಸಿಗುವುದೇ, ಪಾಶ್ಚಾತ್ಯ ಮಾದರಿಯ ಶೌಚಾಲಯವಿದೆಯೇ, ಕಾರು ನಿಲ್ಲಿಸಲು ಆವರಣವಿದೆಯೇ, ಬೆಳಿಗ್ಗೆ ಆರಕ್ಕೆ ಕಾಫಿ ಸಿಗುವುದೇ. ‘ಎಲ್ಲಾ ಇದೆ, ಬನ್ನಿ ಸಾರ್’ ಎಂಬುದು ಇವುಗಳಲ್ಲಿ ಯಾವುದಕ್ಕೂ ಉತ್ತರವಲ್ಲ. ಬಿಸಿನೀರು ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರವೆಂದು ನೇರವಾಗಿ ಹೇಳಿದರೆ ಅತಿಥಿ ಅದಕ್ಕೆ ತಕ್ಕಂತೆ ಏಳುತ್ತಾನೆ. ಹೇಳದಿದ್ದರೆ ಹತ್ತು ಗಂಟೆಗೆ ಜಗಳವಾಡುತ್ತಾನೆ. ಬಹುತೇಕ ಲಾಡ್ಜುಗಳು ಮರೆಯುವ ಇನ್ನೊಬ್ಬ ವ್ಯಕ್ತಿಯಿದ್ದಾನೆ, ಬಾಡಿಗೆ ಕಾರಿನ ಚಾಲಕ. ರಾತ್ರಿಯಿಡೀ ಕಾರಿನಲ್ಲೇ ಸೊಳ್ಳೆ ಕಚ್ಚಿಸಿಕೊಂಡು ಮಲಗಿದವನು ಬೆಳಿಗ್ಗೆ ತನ್ನ ಪ್ರಯಾಣಿಕರಿಗೆ ‘ಇನ್ನೇನಿದೆ ಇಲ್ಲಿ, ಹೊರಡೋಣ’ ಎನ್ನುತ್ತಾನೆ. ಅವನಿಗೊಂದು ಮಂಚ, ಒಂದು ಬಕೆಟ್ ಬಿಸಿನೀರು ಕೊಟ್ಟ ಕಡೆ ಸಂಡೂರಿಗೆ ಹೋಗಿಬರುವ ಮಾತನ್ನು ಅವನೇ ಎತ್ತುತ್ತಾನೆ.