ಕಿಲೋ ಎಂಬ ತೂಕವೂ ಲೀಟರು ಎಂಬ ಅಳತೆಯೂ

ಯಾಜಕಕಾಂಡದ 19ನೆಯ ಅಧ್ಯಾಯದ 36ನೆಯ ವಚನವನ್ನು ನಾವು ಓದುವಾಗ, ದೇವರು ಇಸ್ರಾಯೇಲ್ಯರಿಗೆ ತೂಕದ ಕಲ್ಲುಗಳನ್ನು ಬೇರೆಯಾಗಿಯೂ, ಏಫಾ ಹಿನ್ ಎಂಬ ಅಳತೆಗಳನ್ನು ಬೇರೆಯಾಗಿಯೂ ಹೆಸರಿಸಿ ಆಜ್ಞಾಪಿಸಿದನೆಂದು ಕಾಣುತ್ತೇವೆ. ಏಫಾ ಧಾನ್ಯವನ್ನೂ ಹಿನ್ ಎಣ್ಣೆ ದ್ರಾಕ್ಷಾರಸಗಳನ್ನೂ ಅಳೆಯುವಂಥವು. ಕಲ್ಲಾದರೋ ತಕ್ಕಡಿಗೆ ಸೇರಿದ್ದು. ಈ ಭೇದವನ್ನು ಮರೆಯುವದರಿಂದ ಬಡವರಿಗೆ ನಷ್ಟವಾಗುವ ಕಾರಣ ಈ ಪಾಠವನ್ನು ಬರೆಯುತ್ತೇವೆ.

ಮರೆಯುವದಕ್ಕೆ ಕಾರಣವೂ ಉಂಟು. ನಮ್ಮ ಹಿರಿಯರ ಕಾಲದಲ್ಲಿ ಸೇರು ಎಂಬ ಒಂದೇ ಮಾತು ತೂಕಕ್ಕೂ ಅಳತೆಗೂ ಸಲ್ಲುತ್ತಿತ್ತು. ಅದೂ ಸೀಮೆಗೊಂದು ವಿಧ. 1956ನೆಯ ಇಸವಿಯ ಕಾಯಿದೆಯಿಂದ ದೇಶಕ್ಕೆಲ್ಲಾ ದಶಮಾನ ಪದ್ಧತಿಯು ಗೊತ್ತುಮಾಡಲ್ಪಟ್ಟಿತು. ಆದರೂ ಹಳೆಯ ಸೇರಿನ ಅಭ್ಯಾಸದಿಂದಲೋ ಏನೋ, ಲೀಟರೆಂದರೆ ಕಿಲೋ ಎಂಬ ಮಾತು ಸಂತೆಯಲ್ಲಿ ನಡೆಯುತ್ತಲಿದೆ.

ಈ ಮಾತು ನೀರಿನ ವಿಷಯದಲ್ಲಿ ನಿಜವೇ. ಒಳಗಡೆ ಉದ್ದ, ಅಗಲ, ಎತ್ತರ ಹತ್ತು ಹತ್ತು ಸೆಂಟಿಮೀಟರು ಇರುವ ಒಂದು ತಗಡಿನ ಪೆಟ್ಟಿಗೆಯನ್ನು ಮಾಡಿಸಿರಿ. ಅದರಲ್ಲಿ ಹಿಡಿಯುವಷ್ಟೇ ಒಂದು ಲೀಟರು, ಅಂದರೆ ಸಾವಿರ ಮಿಲಿಲೀಟರು. ಅದನ್ನು ನೀರಿನಿಂದ ತುಂಬಿ, ತೂಗಿ, ಪೆಟ್ಟಿಗೆಯ ಭಾರವನ್ನು ಕಳೆದರೆ ಸಾವಿರ ಗ್ರಾಂ, ಅಂದರೆ ಒಂದು ಕಿಲೋ, ಬಹಳ ಹತ್ತಿರವಾಗಿ ಬರುವದು. ಇದು ತಾನಾಗಿ ಕೂಡಿಬಂದದ್ದಲ್ಲ. 1795ರಲ್ಲಿ ಫ್ರಾನ್ಸ್ ದೇಶದವರು ಒಂದು ಘನ ಸೆಂಟಿಮೀಟರು ನೀರಿನ ಭಾರವನ್ನೇ ಗ್ರಾಂ ಎಂದು ಕರೆದರು. (2019ರಿಂದ ವಿದ್ವಾಂಸರು ಕಿಲೋಗ್ರಾಮನ್ನು ಬೇರೆ ಸೂಕ್ಷ್ಮ ರೀತಿಯಿಂದ ನಿರ್ಣಯಿಸುತ್ತಾರೆ, ನಮ್ಮ ಸಂತೆಯ ಲೆಕ್ಕಕ್ಕೆ ಅದರಿಂದ ಭೇದವಿಲ್ಲ.)

ಆದರೆ ನೀರಿಗೆ ಸಲ್ಲುವದು ಜೇನಿಗೆ ಸಲ್ಲದು. ಒಂದು ಲೀಟರು ಗಟ್ಟಿ ಜೇನು ಸುಮಾರು 1400 ಗ್ರಾಂ ತೂಗುತ್ತದೆ. ಕಾಡಿನಂಚಿನ ಸಹೋದರನೊಬ್ಬನು ಲೀಟರಿನ ಹತ್ತು ಸೀಸೆಗಳನ್ನು ತರಲಾಗಿ, ವ್ಯಾಪಾರಿಯು ಹತ್ತು ಕಿಲೋವಿನ ಕ್ರಯವನ್ನು ಎಣಿಸಿಕೊಟ್ಟರೆ, ನಾಲ್ಕು ಕಿಲೋ ಜೇನು ಬಿಟ್ಟಿಯಾಗಿ ಹೋಯಿತು. ಅದೇ ಹಣದಿಂದ ಅವನು ಕಡಲೇಕಾಯಿ ಎಣ್ಣೆಯನ್ನು ಕಿಲೋ ದರದಲ್ಲಿ ಕೇಳಿ, ಅಂಗಡಿಯವನು ಲೀಟರಿನ ಪಾತ್ರೆಯಿಂದ ಅಳೆದು ಹಾಕಿದರೆ, ಸಿಕ್ಕುವದು ಸುಮಾರು 910 ಗ್ರಾಂ ಮಾತ್ರ. ಮಾರುವಲ್ಲಿಯೂ ಕೊಳ್ಳುವಲ್ಲಿಯೂ ನಷ್ಟವು ಅವನದೇ. ಇಲ್ಲಿ ತಕ್ಕಡಿಯೂ ಸರಿ, ಪಾತ್ರೆಯೂ ಸರಿ; ಸರ್ಕಾರದ ಮುದ್ರೆಯೂ ಇರಬಹುದು. ಆದರೂ ಇದು ಮೋಸವೇ ಎಂದು ನಾವು ಹೇಳುತ್ತೇವೆ.

ಎಣ್ಣೆಯು ನೀರಿನ ಮೇಲೆ ತೇಲುತ್ತದೆ, ಜೇನು ತಳಕ್ಕೆ ಇಳಿಯುತ್ತದೆ. ಲೀಟರಿಗೆ ಯಾವದು ಕಿಲೋವಿಗಿಂತ ಕಡಿಮೆ, ಯಾವದು ಹೆಚ್ಚು ಎಂಬದನ್ನು ಅಕ್ಷರವರಿಯದ ತಾಯಂದಿರೂ ಒಂದು ಬಟ್ಟಲು ನೀರಿನಿಂದ ತಿಳಿಯಬಹುದು.

ಧಾನ್ಯದ ಸಂಗತಿ ಬೇರೆ. ಲೂಕನ ಸುವಾರ್ತೆಯ 6ನೆಯ ಅಧ್ಯಾಯದ 38ನೆಯ ವಚನದಲ್ಲಿ ಕರ್ತನು ಹೇಳಿದ ಅಳತೆಯನ್ನು ನೆನಸಿರಿ. ಅದೇ ಪಾತ್ರೆಯಲ್ಲಿ ಸಡಿಲವಾಗಿ ಸುರಿದ ಭತ್ತಕ್ಕಿಂತ ಕುಲುಕಿ ಅದುಮಿದ ಭತ್ತವು ಹೆಚ್ಚು ತೂಗುತ್ತದೆ. ಆದಕಾರಣ ಧಾನ್ಯವನ್ನು ತೂಗಿಯೇ ಮಾರತಕ್ಕದ್ದು.

ಕೊಯ್ಲಿನ ಹಬ್ಬದ ಕಾಣಿಕೆಗಳನ್ನು ಏಲಂ ಹಾಕುವ ಸಭಾಹಿರಿಯರು ಪುಸ್ತಕದಲ್ಲಿ ಬರೀ "ಹತ್ತು" ಎಂದು ಬರೆಯದೆ, ಕಿಲೋವೋ ಲೀಟರೋ ಎಂಬದನ್ನೂ ಕಾಣಿಸಲಿ. ಹತ್ತು ಲೀಟರಿಗೆ ಜೇನಾದರೆ ಸುಮಾರು 14 ಕಿಲೋ, ನೀರು ಬೆರೆತಿದ್ದರೆ ಅದಕ್ಕಿಂತ ಕಡಿಮೆ. ಹಾಲಾದರೆ 10 ಕಿಲೋ 300 ಗ್ರಾಂ. ಎಣ್ಣೆಯಾದರೆ 9 ಕಿಲೋ 100 ಗ್ರಾಂ.