ಬದಲಾವಣೆ ಬಂದಾಗ ಧೈರ್ಯ ತಂದುಕೊಳ್ಳುವುದು ಹೇಗೆ?



ದೇವರ ಮುಂದೆ ಕೈಮುಗಿದು ನಿಂತಾಗ ಬಾಯಿಬಿಟ್ಟು ಹೇಳದೇ ಇದ್ದರೂ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಭಾರವಿರುತ್ತದೆ. ಕೆಲವರ ಮನೆಯಲ್ಲಿ ಯಜಮಾನರು ತೀರಿಕೊಂಡಿರುತ್ತಾರೆ. ಕೆಲವರಿಗೆ ಕೆಲಸ ಹೋಗಿರುತ್ತದೆ, ಇಲ್ಲವೇ ನಿವೃತ್ತಿ ಹತ್ತಿರ ಬಂದಿರುತ್ತದೆ. ಮಗಳ ಮದುವೆಯಾಗಿ ಮನೆ ಬಿಕೋ ಅನ್ನುತ್ತಿರುತ್ತದೆ. ಅಜ್ಜನ ಕಾಲದ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋಗಬೇಕಾಗಿರುತ್ತದೆ. ಕಷ್ಟ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ಮುಂದೇನಪ್ಪಾ ಗತಿ?"

"ಮೊದಲು ಧೈರ್ಯ ಬರಲಿ, ಆಮೇಲೆ ಹೆಜ್ಜೆ ಇಡೋಣ" ಅಂತ ಕಾಯುವವರೇ ನಮ್ಮಲ್ಲಿ ಹೆಚ್ಚು. ಆದರೆ ಬಾಳಿ ತೋರಿಸಿದವರನ್ನು ನೋಡಿದರೆ ಕ್ರಮ ಹಾಗಿಲ್ಲ. ಮೊದಲು ಹೆಜ್ಜೆ, ಧೈರ್ಯ ಅದರ ಹಿಂದೆ ಬರುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳೇ ಇದಕ್ಕೆ ಸಾಕ್ಷಿ.

ಒಬ್ಬ ತಾಯಿಯ ಕಥೆ

ಬಸವನಗುಡಿಯಲ್ಲಿ ವಾಣಿವಿಲಾಸ ರಸ್ತೆ ಇದೆ. ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ ವಾಣಿವಿಲಾಸ ಆಸ್ಪತ್ರೆ ಇದೆ. ಇವು ಯಾರ ಹೆಸರು ಅಂತ ಎಷ್ಟು ಜನ ಯೋಚಿಸಿದ್ದೇವೆ? ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರೇ ವಾಣಿವಿಲಾಸ ಸನ್ನಿಧಾನದವರು. 1894ರ ಡಿಸೆಂಬರ್ 28ರಂದು ಅವರ ಪತಿ ಚಾಮರಾಜೇಂದ್ರ ಒಡೆಯರು ದೂರದ ಕಲ್ಕತ್ತೆಯಲ್ಲಿ ಗಂಟಲುಮಾರಿ ರೋಗದಿಂದ ತೀರಿಕೊಂಡರು. ಆಗ ಅವರಿಗೆ ಬರೀ 31 ವರ್ಷ. ಚಾಮರಾಜಪೇಟೆ ಆ ಮಹಾರಾಜರ ಹೆಸರಿನದೇ. ಮಹಾರಾಣಿಯವರು ಇನ್ನೂ ಮೂವತ್ತು ತುಂಬದವರು. ಪಟ್ಟಕ್ಕೆ ಬರಬೇಕಾದ ಮಗನಿಗೆ 10 ವರ್ಷ.

ಗಂಡ ಹೋದ ಹೆಂಗಸು ಮೂಲೆ ಸೇರಬೇಕು ಅನ್ನುತ್ತಿದ್ದ ಕಾಲ ಅದು. ಆ ತಾಯಿ ರಾಜ್ಯದ ಹೊಣೆ ಹೊತ್ತರು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರಂಥ ಅನುಭವಿಗಳ ಸಲಹೆ ಪಡೆದರು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಎಲ್ಲವೂ ಅವರ ಆಡಳಿತದ ಅವಧಿಯಲ್ಲೇ.

ಇನ್ನೊಂದು ಮಾತು ಗಮನಿಸಿ. 1902ರ ಆಗಸ್ಟಿನಲ್ಲಿ, ಮಗ ನಾಲ್ವಡಿ ಕೃಷ್ಣರಾಜ ಒಡೆಯರು ವಯಸ್ಸಿಗೆ ಬಂದಾಗ, ಅಧಿಕಾರವನ್ನು ಅವರ ಕೈಗೆ ಒಪ್ಪಿಸಿ ಹಿಂದೆ ಸರಿದರು. ಹಿಡಿಯೋದಕ್ಕೆ ಎಷ್ಟು ಧೈರ್ಯ ಬೇಕೋ ಬಿಡೋದಕ್ಕೂ ಅಷ್ಟೇ ಧೈರ್ಯ ಬೇಕು. ಮನೆಯ ಬೀಗದ ಕೈ ಸೊಸೆಗೆ ಕೊಡಬೇಕಾದ ಅತ್ತೆಯರು, ಅಂಗಡಿಯ ಗಲ್ಲಾ ಮಗನಿಗೆ ಬಿಡಬೇಕಾದ ತಂದೆಯರು ಇದನ್ನು ಮನನ ಮಾಡಬೇಕು.

ಊರೇ ಮನೆ ಬಿಟ್ಟ ಕಾಲ

ಅವರ ಆಡಳಿತದ ನಡುವೆಯೇ, 1898ರ ಆಗಸ್ಟಿನಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಇಕ್ಕಟ್ಟಾದ ಓಣಿಗಳು, ಗಾಳಿ ಬೆಳಕಿಲ್ಲದ ಮನೆಗಳು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಅನ್ನೋದು ಜನಕ್ಕೆ ಗೊತ್ತಿರಲಿಲ್ಲ. ಈಗಿನಂತೆ ಔಷಧಿಯೂ ಇರಲಿಲ್ಲ. ಸಾವಿರಾರು ಜನ ಊರು ಬಿಟ್ಟರು. ನಗರದಲ್ಲಿ ಇಂದಿಗೂ ಪ್ಲೇಗ್ ಮಾರಮ್ಮನ ಹೆಸರಿನ ಗುಡಿಗಳಿವೆ. ಅಂದಿನ ಜನರ ಭಯ ಎಷ್ಟಿತ್ತು ಅನ್ನೋದಕ್ಕೆ ಬೇರೆ ಪುರಾವೆ ಬೇಡ.

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಅದೇ 1898ರಲ್ಲಿ. ಅಗಲವಾದ ನೇರ ರಸ್ತೆಗಳು, ಮನೆಯ ಸುತ್ತ ಜಾಗ, ಹಿತ್ತಲ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಈಗ ಆ ನಿವೇಶನಕ್ಕೆ ಕೋಟಿ ಕೋಟಿ ಬೆಲೆ! ಆಗ ಅದು ಊರಾಚೆಯ ಜಾಗ. ಹುಟ್ಟಿದ ಓಣಿ, ನೆಂಟರಿಷ್ಟರು, ವ್ಯಾಪಾರ ಎಲ್ಲ ಪೇಟೆಯಲ್ಲಿ ಬಿಟ್ಟು ಅಲ್ಲಿಗೆ ಹೋಗಬೇಕಾದರೆ ಎದೆ ಡವಡವ ಅನ್ನದೇ ಇದ್ದೀತೇ?

ಆದರೆ ಆ ಬಡಾವಣೆಗಳ ಹೆಸರು ನೋಡಿ. ಒಂದು ದೊಡ್ಡ ಬಸವಣ್ಣನ ಗುಡಿಯಿಂದ ಬಂತು, ಇನ್ನೊಂದು ಕಾಡು ಮಲ್ಲೇಶ್ವರನಿಂದ. ಎರಡೂ ಬಡಾವಣೆಗಿಂತ ಎಷ್ಟೋ ಹಿಂದಿನ ದೇವಸ್ಥಾನಗಳು. ಜಾಗ ಹೊಸದು, ದೇವರು ಹಳಬ. ಹೊಸ ಮನೆಯ ಬಾಗಿಲಲ್ಲಿ ಪರಿಚಯದ ದೇವರೊಬ್ಬ ಇದ್ದರೆ ಮನುಷ್ಯ ಅರ್ಧ ಗೆದ್ದ ಹಾಗೆ.

ಮತ್ತಿಬ್ಬರು

ಬಾಲ್ಯದಲ್ಲೇ ವಿಧವೆಯಾದ ಆರ್. ಕಲ್ಯಾಣಮ್ಮನವರು ಮನೆಯ ಮೂಲೆ ಹಿಡಿಯಲಿಲ್ಲ. ಓದಿದರು, 'ಸರಸ್ವತಿ' ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. 1938ರಲ್ಲಿ ಅವರು ಆರಂಭಿಸಿದ ಮಕ್ಕಳ ಕೂಟ ಚಾಮರಾಜಪೇಟೆಯ ಗುರುತೇ ಆಯಿತು.

ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದ ದೊಡ್ಡ ಅಧಿಕಾರಿ. ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ಸಿಕ್ಕಾಗ, ಐವತ್ತು ದಾಟಿದ ವಯಸ್ಸಿನಲ್ಲಿ ನೌಕರಿ ಬಿಟ್ಟರು. ಬಸವನಗುಡಿಯ ಮಗ್ಗುಲಿನ ಗವಿಪುರದಲ್ಲಿದ್ದುಕೊಂಡು 'ಜೀವನ' ಪತ್ರಿಕೆ ನಡೆಸಿದರು. 1956ರ 'ಚಿಕವೀರ ರಾಜೇಂದ್ರ' ಬರೆದದ್ದು ಆ ನಂತರವೇ. ಜ್ಞಾನಪೀಠ ಪ್ರಶಸ್ತಿ ಬಂದದ್ದೂ ಅದಕ್ಕೇ. ನೌಕರಿ ಮುಗಿದರೆ ಬಾಳು ಮುಗಿಯಿತು ಅನ್ನುವವರು ಇದನ್ನು ನೆನೆಯಬೇಕು.

ನಾವು ಕಲಿಯಬೇಕಾದ ಪಾಠ

1. ಭಯ ಹೋಗಲಿ ಅಂತ ಕಾಯಬೇಡಿ. ಭಯ ಜೊತೆಯಲ್ಲೇ ಬರಲಿ, ಇವತ್ತಿನ ಕೆಲಸ ನಿಲ್ಲದಿರಲಿ. ಬ್ಯಾಂಕಿನ ಕಾಗದಪತ್ರ ನೋಡೋದು, ಹೊಸ ಬೀದಿಯಲ್ಲಿ ಹಾಲಿನ ಅಂಗಡಿ ಹುಡುಕೋದು, ಇಂಥ ಸಣ್ಣ ಕೆಲಸವೂ ಹೆಜ್ಜೆಯೇ.

2. ಹಳೆಯದೊಂದನ್ನು ಜೊತೆಗೆ ಒಯ್ಯಿರಿ. ಅಮ್ಮ ಹಚ್ಚುತ್ತಿದ್ದ ದೀಪ, ಬೆಳಗಿನ ಪೂಜೆ, ಶನಿವಾರದ ದೇವಸ್ಥಾನ ತಪ್ಪದಿರಲಿ.

3. ತಿಳಿದವರನ್ನು ಕೇಳಲು ಸಂಕೋಚ ಬೇಡ. ರಾಜ್ಯವಾಳಿದ ಮಹಾರಾಣಿಗೇ ಸಲಹೆಗಾರರು ಬೇಕಾದರು.

4. ನಿಮ್ಮ ನೋವನ್ನೇ ಇನ್ನೊಬ್ಬರ ಉಪಯೋಗಕ್ಕೆ ತಿರುಗಿಸಿ. ಕಲ್ಯಾಣಮ್ಮನವರು ಮಾಡಿದ್ದು ಇದೇ.

5. ಬಿಡುವ ಕಾಲ ಬಂದಾಗ ನಗುನಗುತ್ತಾ ಬಿಡಿ.

ದುಃಖ ಬರಬಾರದು ಅಂತ ಯಾರೂ ಹೇಳಲಾರರು. ಅತ್ತು ಹಗುರಾಗಿ, ತಪ್ಪಿಲ್ಲ. ಕಣ್ಣೊರೆಸಿಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸ ಯಾವುದು ಅಂತ ಮಾತ್ರ ಇಂದೇ ನಿಶ್ಚಯಿಸಿ, ನಾಳೆ ಬೆಳಿಗ್ಗೆಯೇ ಶುರುಮಾಡಿ. ಭಗವಂತನು ನಿಮ್ಮೆಲ್ಲರಿಗೂ ಆ ಮನೋಬಲವನ್ನು ಅನುಗ್ರಹಿಸಲಿ.

ಶುಭಮಸ್ತು